ಚಾಲನೆಯಲ್ಲಿ ಸೋತವರು

ಸೈನ್ಯದಲ್ಲಿ ಒಂದು ಕೆಲಸದ ತರಬೇತಿಯಲ್ಲಿ ಸೋತವನ ಗತಿಯೇನು? ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಸೇನಾ ವಾಯುಪಡೆ ಇದಕ್ಕೊಂದು ಉತ್ತರ ಕೊಟ್ಟಿತು. 1939ರಿಂದ 1945ರವರೆಗೆ ಅಲ್ಲಿ 1,93,000ಕ್ಕೂ ಹೆಚ್ಚು ಮಂದಿ ವಿಮಾನಚಾಲಕರಾಗಿ ತೇರ್ಗಡೆಯಾದರು. ಲಕ್ಷಕ್ಕೂ ಮಿಕ್ಕಿದವರು ತರಬೇತಿಯ ಕೊನೆ ಮುಟ್ಟಲಿಲ್ಲ. ಸೋತವರಲ್ಲಿ ಅನೇಕರನ್ನು ಸೈನ್ಯವು ಬೇರೆ ಶಾಲೆಗಳಿಗೆ ಸೇರಿಸಿತು. ಲೆಕ್ಕದಲ್ಲಿ ಚುರುಕಾದವರು ದಾರಿ ಗೊತ್ತುಮಾಡುವ ನ್ಯಾವಿಗೇಟರುಗಳಾದರು. ಕೆಲವರು ಗುರಿಯಿಟ್ಟು ಬಾಂಬು ಹಾಕುವವರಾದರು.

ಬಿ-17 ವಿಮಾನದಲ್ಲಿ ಸಾಮಾನ್ಯವಾಗಿ 10 ಮಂದಿ, ಚಾಲಕರು ಇಬ್ಬರೇ. ಗುರಿ ಸಮೀಪಿಸಿದೊಡನೆ, ಬಾಂಬು ಹಾಕುವವನು ತನ್ನ ನಾರ್ಡನ್ ಯಂತ್ರವನ್ನು ಸ್ವಯಂಚಾಲಕಕ್ಕೆ ಜೋಡಿಸಿ, ತಾನೇ ವಿಮಾನವನ್ನು ತಿರುಗಿಸುತ್ತಿದ್ದನು. ಹೀಗೆ, ಚಾಲನೆಯಲ್ಲಿ ಸೋತು ಬಂದವನೂ ಅತ್ಯಂತ ಕಠಿನವಾದ ಆ ಕೆಲವು ನಿಮಿಷ ವಿಮಾನವನ್ನು ನಡೆಸಿದನು.

ಒಂದು ವಿಷಯದಲ್ಲಿ ನಪಾಸಾದೊಡನೆ ಮಕ್ಕಳ ಓದನ್ನೇ ಬಿಡಿಸುವ ನಮ್ಮ ಹಳ್ಳಿಗಳ ಹಿರಿಯರು ಇದನ್ನು ಗಮನಿಸಬೇಕು.