ಮಗಳ ತಪ್ಪಿಗೆ ಅಂಗಡಿಯ ನೋಟಿಸು

ಪ್ರಶ್ನೆ: ನನ್ನ ಮಗಳಿಗೆ ಹದಿನೈದು ವರ್ಷ, ಎಸ್ಸೆಸ್ಸೆಲ್ಸಿ. ಗೆಳತಿಯರ ಜೊತೆ ಊರಿನ ದೊಡ್ಡ ಮಳಿಗೆಯೊಂದಕ್ಕೆ ಹೋದವಳು 640 ರೂಪಾಯಿಯ ಕ್ರೀಮು, ಲಿಪ್‌ಸ್ಟಿಕ್ಕು ಬ್ಯಾಗಿಗೆ ಹಾಕಿಕೊಂಡು ಬಾಗಿಲಲ್ಲಿ ಸಿಕ್ಕಿಬಿದ್ದಳು. ಸಾಮಾನು ಅಲ್ಲೇ ವಾಪಸ್ ತಗೊಂಡರು. ಹಾಳೆಯಲ್ಲಿ ತಪ್ಪೊಪ್ಪಿಗೆ ಬರೆಸಿ ಸಹಿ ಮಾಡಿಸಿಕೊಂಡರು. ಈಗ ಅವರ ವಕೀಲರ ನೋಟಿಸ್ ಬಂದಿದೆ. ಏಳು ದಿನದಲ್ಲಿ 15,000 ರೂಪಾಯಿ ಪರಿಹಾರ ಕಟ್ಟಬೇಕಂತೆ, ಇಲ್ಲದಿದ್ದರೆ ಕೇಸು ಹಾಕುತ್ತಾರಂತೆ. ಸಿಸಿ ಟಿವಿ ವಿಡಿಯೊ ಶಾಲೆಗೂ ಹೋಗುತ್ತದೆ ಎಂದು ಫೋನಿನಲ್ಲಿ ಹೇಳಿದರು. ನಮ್ಮ ಮನೆಯವರಿಗೆ ಇನ್ನೂ ತಿಳಿಸಿಲ್ಲ. ಕಿವಿಯೋಲೆ ಅಡವಿಟ್ಟು ಕಟ್ಟಿಬಿಡಲೇ?
– ಒಬ್ಬ ತಾಯಿ, ವಿಜಯಪುರ

ಉತ್ತರ: ತಾಯಿ, ಓಲೆ ಅಡವಿಡಬೇಡಿ. ನಿಮ್ಮ ಕೈಗೆ ಬಂದಿರುವುದು ಅಂಗಡಿಯವರ ಬೇಡಿಕೆ, ಕೋರ್ಟಿನ ಆದೇಶವಲ್ಲ. ಏಳು ದಿನದ ಗಡುವನ್ನು ಹಾಕಿದವರೂ ಅವರೇ. ಅದು ಮುಗಿದ ಮಾತ್ರಕ್ಕೆ ನಿಮ್ಮ ಮನೆಗೆ ಜಪ್ತಿ ಬರುವುದಿಲ್ಲ.

ಹಣ ಬೇಕೆಂದರೆ ಅವರು ಸಿವಿಲ್ ದಾವೆ ಹೂಡಿ, ಆದ ನಷ್ಟವೆಷ್ಟು ಎಂದು ಸಾಬೀತು ಮಾಡಬೇಕು. ಸಾಮಾನು ಬಾಗಿಲಲ್ಲೇ ವಾಪಸಾಗಿದೆ. ಅದು ಮತ್ತೆ ಮಾರುವಂತಿದ್ದರೆ ನಷ್ಟವೇ ಇಲ್ಲ, ಸೀಲು ಒಡೆದು ಕೆಟ್ಟಿದ್ದರೆ ನಷ್ಟ 640 ರೂಪಾಯಿ. ಕಾವಲುಗಾರನ ಪಗಾರ, ಕ್ಯಾಮೆರಾದ ಖರ್ಚು ನಿಮ್ಮ ಮಗಳು ಹೋಗದಿದ್ದರೂ ಇದ್ದೇ ಇರುತ್ತಿದ್ದವು. ಇನ್ನು, ತಂದೆತಾಯಿ ಎಂಬ ಒಂದೇ ಕಾರಣಕ್ಕೆ ಮಗುವಿನ ತಪ್ಪಿನ ನಷ್ಟ ನಿಮ್ಮ ಹೆಗಲೇರುವುದಿಲ್ಲ. ನೀವೇ ಕಳಿಸಿದ್ದಿರಿ, ಇಲ್ಲವೇ ನಿಮ್ಮದೇ ನಿರ್ಲಕ್ಷ್ಯದಿಂದ ಹೀಗಾಯಿತು ಎಂದು ಅವರು ತೋರಿಸಬೇಕಾಗುತ್ತದೆ.

ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ಪತ್ರ ಬರೆದು ಹೆತ್ತವರಿಂದ ಹಣ ಕೇಳಲು ಪ್ರತ್ಯೇಕ ಕಾನೂನೇ ಇದೆ. ನಮ್ಮಲ್ಲಿ ಅಂಥ ಕಾನೂನಿಲ್ಲ. ಕೆನಡಾದ ಮ್ಯಾನಿಟೋಬಾದಲ್ಲಿ ಇಂಥದೇ ಪತ್ರಕ್ಕೆ ಹೆದರಿ ಹಣ ಕಟ್ಟಿದ್ದ ತಾಯಿಯೊಬ್ಬಳು ಕೋರ್ಟಿಗೆ ಹೋದಳು. ಅಂಗಡಿಯ ಬೇಡಿಕೆಗೆ ಕಾನೂನಿನ ಆಧಾರವಿಲ್ಲವೆಂದು 1996ರಲ್ಲಿ ಕೋರ್ಟು ಆ ಹಣವನ್ನು ವಾಪಸ್ ಕೊಡಿಸಿತು.

ಮಗಳು ಸಹಿ ಮಾಡಿದ ಹಾಳೆಯಲ್ಲಿ ಹಣ ಕಟ್ಟುತ್ತೇನೆಂದು ಬರೆದಿದ್ದರೂ ಚಿಂತೆ ಬೇಡ. ಹದಿನೆಂಟು ತುಂಬದವರ ಕರಾರು 1872ರ ಕರಾರು ಕಾಯ್ದೆಯಲ್ಲಿ ನಿಲ್ಲುವುದಿಲ್ಲ. ಆಗಿನ ಅತ್ಯುನ್ನತ ಕೋರ್ಟಾದ ಪ್ರಿವಿ ಕೌನ್ಸಿಲ್ 1903ರಲ್ಲೇ ಇದನ್ನು ಇತ್ಯರ್ಥ ಮಾಡಿದೆ.

ಪೊಲೀಸರಿಗೆ ದೂರು ಕೊಡುವುದು ಅಂಗಡಿಯವರ ಹಕ್ಕು, ಅದನ್ನು ಯಾರೂ ತಡೆಯಲಾಗದು. ಆದರೆ ಹಣ ಕೊಡದಿದ್ದರೆ ವಿಡಿಯೊ ಹಂಚುತ್ತೇವೆ ಎಂದು ಹೆದರಿಸುವುದು ಬೇರೆ ಮಾತು. ಮರ್ಯಾದೆ ಕಳೆಯುವ ಭಯ ಹುಟ್ಟಿಸಿ ದುಡ್ಡು ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಡಿ ಸುಲಿಗೆ. ಆ ಫೋನು ಯಾವಾಗ, ಯಾವ ನಂಬರಿನಿಂದ ಬಂತು ಎಂದು ಬರೆದಿಡಿ.

ಈಗ ಮಾಡಬೇಕಾದದ್ದು ಮೂರು ಕೆಲಸ. ಮೊದಲು ಮನೆಯವರಿಗೆ ಹೇಳಿ, ಇದನ್ನು ನೀವೊಬ್ಬರೇ ಹೊರಬೇಡಿ. ಎರಡನೆಯದು, ನೋಟಿಸಿಗೆ ಸ್ಪೀಡ್ ಪೋಸ್ಟಿನಲ್ಲಿ ಉತ್ತರ ಕೊಡಿ: ಹೊಣೆ ಒಪ್ಪುವುದಿಲ್ಲ, ಯಾವ ಕಾನೂನಿನಡಿ ಕೇಳುತ್ತಿದ್ದೀರಿ, 15,000ದ ಲೆಕ್ಕ ಕೊಡಿ, ಬಾಲಕಿಯ ವಿಡಿಯೊ ಯಾರಿಗೂ ಕೊಡಕೂಡದು. ವಕೀಲರ ಫೀಸಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ನೆರವು ಕೊಡಬೇಕೆಂದು 1987ರ ಕಾಯ್ದೆಯೇ ಹೇಳುತ್ತದೆ. ಮೂರನೆಯದು ಮಗಳದು. ಸಾಮಾನು ಕೆಟ್ಟಿದ್ದರೆ ಅದರ ಬೆಲೆ ಕೊಟ್ಟು ರಸೀದಿ ಪಡೆಯಿರಿ, ಆ ಹಣ ಅವಳ ಕೈಖರ್ಚಿನಿಂದಲೇ ಹೋಗಲಿ. ತಪ್ಪು ಮಾಡಿದ್ದೇನೆ ಎಂಬುದು ಅವಳಿಗೆ ಮನವರಿಕೆಯಾಗಬೇಕು. ನೀವು ಗುಟ್ಟಾಗಿ 15,000 ಕಟ್ಟಿಬಿಟ್ಟರೆ ಅವಳು ಕಲಿಯುವುದು ಏನೂ ಇಲ್ಲ.

ಪ್ರಶ್ನೆ: ನನ್ನ ಮಗನಿಗೆ ಹದಿನೇಳು, ಪಿಯುಸಿ ಎರಡನೇ ವರ್ಷ. ವಿಜಯಪುರದ ಅಂಗಡಿಯಲ್ಲಿ ಇಯರ್‌ಫೋನ್ ಕದ್ದನೆಂದು ಠಾಣೆಗೆ ದೂರು ಹೋಗಿದೆ. ಅವನಿಗೆ ಪೊಲೀಸ್ ನೌಕರಿಯ ಆಸೆ. ಎಫ್‌ಐಆರ್ ಆದರೆ ಅವನ ಜೀವನವೇ ಮುಗಿಯಿತಲ್ಲವೇ?
– ದ್ರಾಕ್ಷಿ ಬೆಳೆಗಾರ, ತಿಕೋಟಾ

ಉತ್ತರ: ಮುಗಿಯುವುದಿಲ್ಲ ಯಜಮಾನರೇ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಹದಿನೆಂಟು ತುಂಬುವ ಹಿಂದಿನ ದಿನದವರೆಗೂ ಅವನು ಮಗುವೇ. 2016ರ ಮಾದರಿ ನಿಯಮಗಳ 8ನೇ ನಿಯಮದಂತೆ, ಘೋರ ಅಪರಾಧವಾಗಿರದೆ, ವಯಸ್ಕರ ಜೊತೆಗೂಡಿ ಮಾಡಿದ್ದೂ ಅಲ್ಲದಿದ್ದರೆ ಮಕ್ಕಳ ಮೇಲೆ ಎಫ್‌ಐಆರ್ ಹಾಕುವಂತಿಲ್ಲ. ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ಅಪರಾಧಕ್ಕೆ ಮಾತ್ರ ಘೋರ ಎಂಬ ಹೆಸರು. ಅಂಗಡಿ ಕಳವು ಆ ಸಾಲಿಗೆ ಸೇರದು. ಪೊಲೀಸರು ಠಾಣಾ ದಿನಚರಿಯಲ್ಲಿ ಬರೆದು, ಹುಡುಗನ ಮನೆಯ ಸ್ಥಿತಿಗತಿಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಕಳಿಸಬೇಕು. ಅವನನ್ನು ಲಾಕಪ್ಪಿನಲ್ಲಿ ಕೂರಿಸುವಂತಿಲ್ಲ.

ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಸೇವಕರು ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಆಪ್ತ ಸಮಾಲೋಚನೆಗೆ ಅಥವಾ ಸಮುದಾಯ ಸೇವೆಗೆ ಹಚ್ಚಬಹುದು. ಅವನಿಗೋ ನಿಮಗೋ ದಂಡ ಹಾಕುವ ಅಧಿಕಾರವೂ ಮಂಡಳಿಗೆ ಇದೆ. ಕರೆದ ದಿನ ಅವನ ಜೊತೆ ನೀವೂ ತಪ್ಪದೆ ಹೋಗಿ, ತೋಟದ ಕೆಲಸ ಒಂದು ದಿನ ನಿಂತರೂ ಸರಿ.

ನೌಕರಿಯ ಮಾತಿಗೆ ಬಂದರೆ, ಅದೇ ಕಾಯ್ದೆಯ 24ನೇ ಕಲಮು ಇಂಥ ಪ್ರಕರಣದಿಂದ ಮಗುವಿಗೆ ಯಾವ ಅನರ್ಹತೆಯೂ ಬರಕೂಡದು ಎನ್ನುತ್ತದೆ. ಅವಧಿ ಮುಗಿದ ಮೇಲೆ ದಾಖಲೆ ನಾಶ ಮಾಡಬೇಕು. ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ಆಯ್ಕೆಯಾದ ಯುವಕನೊಬ್ಬನಿಗೆ ಬಾಲ್ಯದ ಕೇಸು ಅಡ್ಡಬಂದಾಗ, ಅದನ್ನು ಅವನ ವಿರುದ್ಧ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಪ್ರಶ್ನೆ: ಎಲ್ಲರೂ ಮಕ್ಕಳ ಪರವೇ ಬರೆಯುತ್ತೀರಿ. ನನ್ನದು ಸಣ್ಣ ಕಿರಾಣಿ ಅಂಗಡಿ. ಶಾಲೆ ಬಿಟ್ಟ ಹೊತ್ತಿಗೆ ಹುಡುಗರು ಚಾಕೊಲೇಟು, ಪೆನ್ನು ಎತ್ತುತ್ತಾರೆ. ‘ಕದ್ದರೆ ಹತ್ತು ಪಟ್ಟು ದಂಡ’ ಎಂದು ಬೋರ್ಡು ಹಾಕಿದ್ದೇನೆ. ಕ್ಯಾಮೆರಾದ ಫೋಟೊ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಬಹುದೇ?
– ಅಂಗಡಿಕಾರ, ಬಬಲೇಶ್ವರ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ದಿನಕ್ಕೆ ನಾಲ್ಕು ಪೆನ್ನು ಹೋದರೂ ಸಣ್ಣ ಅಂಗಡಿಯ ಲಾಭ ಅಲ್ಲಿಗೇ ಹೋಯಿತು. ಹೋದ ಮಾಲು ಇಲ್ಲವೇ ಅದರ ಬೆಲೆ ಕೇಳುವ ಹಕ್ಕು ನಿಮಗೆ ಪೂರ್ತಿ ಇದೆ. ಆದರೆ ದಂಡ ಹಾಕುವುದು ಕೋರ್ಟು, ಮಂಡಳಿಗಳ ಕೆಲಸ. ಆ ಬೋರ್ಡಿಗೆ ಕಾನೂನಿನ ಬಲವಿಲ್ಲ, ತೆಗೆದುಬಿಡಿ.

ಫೋಟೊ ಮಾತ್ರ ಬೇಡವೇ ಬೇಡ. ಕಾನೂನಿನ ಸಂಘರ್ಷಕ್ಕೆ ಸಿಕ್ಕ ಮಗುವಿನ ಗುರುತು ಬಹಿರಂಗ ಮಾಡಿದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಐದು ರೂಪಾಯಿ ಪೆನ್ನು ಕಳಕೊಂಡ ನೀವೇ ಆರೋಪಿಯಾಗುತ್ತೀರಿ. ಹುಡುಗನನ್ನು ಗೋದಾಮಿನಲ್ಲಿ ಕೂಡಿಹಾಕುವುದು, ಹೊಡೆಯುವುದು ಕೂಡ ಅಪರಾಧ.

ಮಗು ಸಿಕ್ಕಿಬಿದ್ದರೆ ಜನ ಸೇರಿಸದೆ ಹೆತ್ತವರನ್ನು ಕರೆಸಿ, ದೃಶ್ಯವನ್ನು ಅವರಿಗಷ್ಟೇ ತೋರಿಸಿ, ಬೆಲೆ ಪಡೆದು ರಸೀದಿ ಕೊಡಿ. ಮತ್ತೆ ಮತ್ತೆ ಆಗುತ್ತಿದ್ದರೆ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ದೂರು ಕೊಡಿ. ಮಗು ಹಸಿದು ಕದಿಯುತ್ತಿದೆ, ಅಥವಾ ದೊಡ್ಡವರು ಕಳಿಸುತ್ತಿದ್ದಾರೆ ಅನ್ನಿಸಿದರೆ 1098ಕ್ಕೆ ಹೇಳಿ. ಚಾಕೊಲೇಟು, ಪೆನ್ನಿನ ಡಬ್ಬಿಗಳನ್ನು ಗಲ್ಲೆಯ ಹಿಂದಕ್ಕೆ ಸರಿಸಿ. ಹಳ್ಳಿಯಂಥ ಊರಿನಲ್ಲಿ ಕಳ್ಳನೆಂಬ ಹೆಸರು ಒಮ್ಮೆ ಹತ್ತಿದರೆ ಹುಡುಗ ಶಾಲೆಯನ್ನೇ ಬಿಡಬಹುದು. ನಿಮಗೆ ಬರಬೇಕಾದದ್ದು ಪೆನ್ನಿನ ಬೆಲೆ. ಅದನ್ನು ಪೂರ್ತಿ ವಸೂಲು ಮಾಡಿ, ಅದಕ್ಕಿಂತ ಹೆಚ್ಚಿಗೆ ಏನನ್ನೂ ಆ ಮಗುವಿನಿಂದ ಕಿತ್ತುಕೊಳ್ಳಬೇಡಿ.