ಹೆದ್ದಾರೀಲಿ ಗಾಡಿ ಕರೆಂಟು ಕೈಕೊಟ್ಟರೆ: ದೊಡ್ಡಪ್ಪನ ಕಿವಿಮಾತು

ಗಾಡಿ ತಗೊಂಡು ಹಂಪಿ, ಗೋವಾ ಅಂತ ಹೊರಟಿದ್ದೀಯಂತೆ, ನಿಮ್ಮಪ್ಪ ಹೇಳಿದ. ಹೋಗಿ ಬಾ. ಪಂಚರ್ ಹಾಕೋದು, ಚೈನ್ ಬಿಗಿ ಮಾಡೋದು ನಿನಗೆ ಬರುತ್ತೆ. ವೈರಿಂಗ್ ಅಂದ್ರೆ ಮಾತ್ರ ಹಿಂದೆ ಸರೀತೀಯ. ಕಳ್ಳಂಬೆಳ್ಳದಲ್ಲಿ ರಸ್ತೆ ಪಕ್ಕ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟು ಜೀವನ ಮಾಡಿದೋನು ನಾನು. ಬೆಂಗಳೂರಿಂದ ನಸುಕಿಗೇ ಬಿಟ್ಟ ಹುಡುಗರು ತುಮಕೂರು ದಾಟಿ, ಸೀಬಿ ದಾಟಿ ನಮ್ಮೂರು ಮುಟ್ಟೋ ಹೊತ್ತಿಗೆ ಗಾಡಿ ಚೆನ್ನಾಗಿ ಕಾದಿರುತ್ತೆ. ಸಡಿಲ ಇದ್ದದ್ದು ಕೈಬಿಡೋದು ಆಗಲೇ. ಅಂಗಡಿ ಮುಂದಕ್ಕೆ ತಳ್ಕೊಂಡು ಬಂದ ಗಾಡಿಗಳಲ್ಲಿ ಬಹುಪಾಲಿಗೆ ಸಾಮಾನು ಹೋಗಿರ್ತಿರಲಿಲ್ಲ, ಜಾಯಿಂಟ್ ಹೋಗಿರ್ತಿತ್ತು. ಆದ್ದರಿಂದ ದುಡ್ಡು ಬಿಚ್ಚೋ ಮುಂಚೆ ಸೀಟು ಬಿಚ್ಚು.

• ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದ ಕೂಡಲೇ ಸ್ಪ್ಯಾನರ್ ಹುಡುಕಬೇಡ. ಕಿಲ್ ಸ್ವಿಚ್ ಆಫ್ ಆಗಿದೆಯಾ, ಸೈಡ್ ಸ್ಟ್ಯಾಂಡ್ ಇಳಿದಿದೆಯಾ, ಗೇರಲ್ಲಿದೆಯಾ, ಕ್ಲಚ್ ಹಿಡಿದಿದ್ದೀಯಾ ನೋಡು. ಟೀ ಅಂಗಡಿ ಮುಂದೆ ನಿಲ್ಲಿಸಿದಾಗ ಯಾರೋ ಚಿಕ್ಕ ಹುಡುಗ ಹತ್ತಿ ಕೂತು ಕೆಂಪು ಗುಂಡಿ ಒತ್ತಿ ಹೋಗಿರ್ತಾನೆ.

• ಸೆಲ್ಫ್ ತಗೊಳ್ತಿಲ್ವಾ? ಹೆಡ್‌ಲೈಟ್ ನೋಡ್ಕೊಂಡು ಸೆಲ್ಫ್ ಒತ್ತು. ಲೈಟು ಪೂರ್ತಿ ಮಂಕಾಗಿ 'ಟಕ್ ಟಕ್' ಅಂದ್ರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ. ಲೈಟು ಇದ್ದಂಗೇ ಇದ್ದು ಸದ್ದೇ ಬರದಿದ್ರೆ ಸ್ವಿಚ್, ಕ್ಲಚ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್ ಅಥವಾ ಸೆಲ್ಫ್ ರಿಲೇ ಕಡೆ ಹೋಗು. ಲೈಟೇ ಇಲ್ಲ, ಹಾರ್ನೂ ಇಲ್ಲ ಅಂದ್ರೆ ಮೇನ್ ಫ್ಯೂಸು ಅಥವಾ ಬ್ಯಾಟರಿ ಟರ್ಮಿನಲ್ಲು. ಒಂದು ರೂಪಾಯಿ ಸಾಮಾನಿಲ್ಲದೆ ಅರ್ಧ ಹುಡುಕಾಟ ಮುಗೀತು.

• ಬ್ಯಾಟರಿ ಟರ್ಮಿನಲ್ ಕೈಯಲ್ಲಿ ತಿರುಗಿಸಿದ್ರೆ ತಿರುಗಬಾರದು. ಬಿಳಿ ಹಸಿರು ಬೂಷ್ಟು ಕಟ್ಟಿದ್ರೆ ಬಿಸಿನೀರು ಹನಿಸಿ, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ, ಒಣಗಿಸಿ, ಬಿಗಿ ಮಾಡಿ ಮೇಲೆ ತೆಳ್ಳಗೆ ವ್ಯಾಸಲೀನ್ ಹಚ್ಚು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಮೈನಸ್ ಹಾಗೇ ಇಟ್ಟು ಪ್ಲಸ್ ಬಿಚ್ಚೋಕೆ ಹೋದ್ರೆ ಸ್ಪ್ಯಾನರ್ ತುದಿ ಚಾಸಿಗೆ ತಗುಲಿದ ಕ್ಷಣಕ್ಕೆ ಭಾರಿ ಶಾರ್ಟು, ಕೈ ಸುಡುತ್ತೆ. ಆ ಮೈನಸ್ ತಂತಿ ಎಂಜಿನ್ನಿಗೋ ಚಾಸಿಗೋ ಕೂತಿರೋ ಬೋಲ್ಟ್ ಇದೆಯಲ್ಲ, ಅದನ್ನ ಯಾರೂ ನೋಡಲ್ಲ. ನೀನು ಅದನ್ನೂ ಬಿಚ್ಚಿ, ಬಣ್ಣ ತುಕ್ಕು ಕೆರೆದು, ಮತ್ತೆ ಬಿಗಿ ಮಾಡು. ಅರ್ಥ್ ಸರಿ ಇಲ್ಲದ ಗಾಡಿ ಆಡೋ ಆಟ ದೇವರಿಗೇ ಪ್ರೀತಿ: ಇಂಡಿಕೇಟರ್ ಹಾಕಿದ್ರೆ ಮೀಟರ್ ಲೈಟು ಮಿಣುಕುತ್ತೆ, ಬ್ರೇಕ್ ಒತ್ತಿದ್ರೆ ಹಾರ್ನ್ ಕುಗ್ಗುತ್ತೆ.

• ಒಂದು ಸಣ್ಣ ಡಿಜಿಟಲ್ ಮಲ್ಟಿಮೀಟರ್ ತಗೋ. ಹೆಲ್ಮೆಟ್ಟಿಗೆ ಕೊಟ್ಟ ದುಡ್ಡಲ್ಲಿ ಕಾಲುಭಾಗವೂ ಆಗಲ್ಲ. ಡಿಸಿ 20 ವೋಲ್ಟಿಗೆ ತಿರುಗಿಸಿ ಬ್ಯಾಟರಿ ಮೇಲೆ ಇಡು. ರಾತ್ರಿಯೆಲ್ಲಾ ನಿಂತ ಗಾಡೀಲಿ 12.6ರಿಂದ 12.8 ಇದ್ರೆ ಭರ್ತಿ. 12.4 ಅಂದ್ರೆ ಮುಕ್ಕಾಲು. 12ಕ್ಕಿಂತ ಕೆಳಗೆ ಅಂದ್ರೆ ಖಾಲಿ ಅಂತಲೇ ತಿಳಕೋ. ಸೆಲ್ಫ್ ಒತ್ತಿದಾಗ 10ಕ್ಕಿಂತ ಕೆಳಗೆ ಬಿದ್ದು ಎಂಜಿನ್ ಮುಲುಕಿದ್ರೆ, ಭರ್ತಿ ಇದ್ದಂಗೆ ಕಂಡ್ರೂ ಬ್ಯಾಟರಿಗೆ ವಯಸ್ಸಾಗಿದೆ. ಎಂಜಿನ್ ಚಾಲೂ ಇಟ್ಟು ಸ್ವಲ್ಪ ಎಕ್ಸಲೇಟರ್ ಕೊಟ್ಟಾಗ 13.8ರಿಂದ 14.5ರೊಳಗೆ ಬರಬೇಕು. 13 ದಾಟಲಿಲ್ಲ ಅಂದ್ರೆ ಚಾರ್ಜ್ ಆಗ್ತಿಲ್ಲ. 15 ದಾಟಿದ್ರೆ ರೆಗ್ಯುಲೇಟರ್ ಹೋಗಿ ಬ್ಯಾಟರೀನ ಬೇಯಿಸ್ತಿದೆ. ಹೊರಡೋ ಮುಂಚೆ ಈ ಮೂರೂ ನೋಡಿ ಬರೆದಿಟ್ಕೋ. ಗಾಡಿ ಸರಿ ಇದ್ದಾಗ ಎಷ್ಟಿತ್ತು ಅಂತ ಗೊತ್ತಿದ್ರೆ ತಾನೇ ಕೆಟ್ಟಾಗ ತಿಳಿಯೋದು?

• ಚಾರ್ಜಿಂಗ್ ಇಲ್ಲ ಅಂದ ತಕ್ಷಣ ಹೊಸ ಬ್ಯಾಟರಿ ಹಾಕಿಸ್ಬೇಡ. ಹೊಸದೂ ನಾಳೆ ಇಷ್ಟೊತ್ತಿಗೆ ಮಲಗಿರುತ್ತೆ. ಮ್ಯಾಗ್ನೆಟ್ ಕಾಯಿಲಿಂದ ರೆಕ್ಟಿಫೈಯರಿಗೆ ಹೋಗೋ ಮೂರು ವೈರು, ಸಾಮಾನ್ಯವಾಗಿ ಮೂರೂ ಹಳದಿ, ಒಂದು ಕಪ್ಲರಲ್ಲಿ ಸೇರ್ತಾವೆ. ಅದನ್ನ ಎಳೆದು ಬಿಡಿಸಿ ಮೂಸಿ ನೋಡು. ಬಿಳೀ ಪ್ಲಾಸ್ಟಿಕ್ಕು ಒಂದು ತೂತಿನ ಸುತ್ತ ಕಂದಾಗಿ, ಅಂಚು ಕರಗಿ ಒಳಕ್ಕೆ ಮಡಚಿಕೊಂಡಿರುತ್ತೆ, ಪಿನ್ನು ನೀಲಿಗಟ್ಟಿರುತ್ತೆ, ವೈರು ಬಾಗಿಸಿದ್ರೆ ಹಪ್ಪಳ ಮುರಿದ ಸದ್ದು ಬರುತ್ತೆ. ಅಷ್ಟು ಸಾಕು, ಕಳ್ಳ ಸಿಕ್ಕ. ಸುಟ್ಟ ಭಾಗ ಕತ್ತರಿಸಿ, ಒಳ್ಳೇ ತಾಮ್ರ ಕಾಣೋವರೆಗೂ ಸುಲಿದು, ಒಂದೊಂದಾಗಿ ಸೇರಿಸಿ ಬೇರೆ ಬೇರೆ ಟೇಪ್ ಸುತ್ತು. ಮೂರೂ ಎಸಿ ವೈರು, ಯಾವುದಕ್ಕೆ ಯಾವುದು ಸೇರಿದ್ರೂ ನಡೆಯುತ್ತೆ. ಆದ್ರೆ ಒಂದಕ್ಕೊಂದು, ಇಲ್ಲ ಚಾಸಿಗೆ, ತಗುಲಬಾರದು.
ಕಪ್ಲರ್ ಚೆನ್ನಾಗಿದ್ರೆ ಅದನ್ನ ಬಿಡಿಸಿಟ್ಟೇ ಎಂಜಿನ್ ಸ್ಟಾರ್ಟ್ ಮಾಡಿ, ಮೀಟರ್ ಎಸಿಗೆ ತಿರುಗಿಸಿ, ಮೂರರಲ್ಲಿ ಎರಡೆರಡು ವೈರಿನ ನಡುವೆ ನೋಡು. ಮೂರು ಜೋಡಿಯಲ್ಲೂ ಹೆಚ್ಚೂ ಕಮ್ಮಿ ಒಂದೇ ಲೆಕ್ಕ ಬಂದು, ಎಕ್ಸಲೇಟರ್ ಕೊಟ್ಟಂಗೆ ಏರಬೇಕು. ಆಗ ವೋಲ್ಟು ಐವತ್ತು ದಾಟಬಹುದು, ಬರಿಗೈ ತಗುಲಿಸ್ಬೇಡ. ಒಂದು ಜೋಡಿ ಕಮ್ಮಿ ತೋರಿಸಿದ್ರೆ ಕಾಯಿಲ್ ಸುಟ್ಟಿದೆ, ಅದು ರಸ್ತೆ ಬದಿ ಕೆಲಸ ಅಲ್ಲ. ಮೂರೂ ಸರಿ ಇದ್ದು ಬ್ಯಾಟರಿಗೆ ಬರ್ತಿಲ್ಲ ಅಂದ್ರೆ ರೆಕ್ಟಿಫೈಯರ್ ಕಡೆ ಕೈ ತೋರಿಸು. ಅದರ ಮೈಮೇಲಿನ ಗೀರುಗಳಿಗೆ ಕೆಸರು ಮೆತ್ತಿದ್ರೆ ಬಿಸಿ ಹೊರಗೆ ಹೋಗಲ್ಲ, ಗಾಳಿಗೆ ಅಡ್ಡವಾಗಿ ಬ್ಯಾಗೂ ಕಟ್ಟಬೇಡ.

• ಫ್ಯೂಸ್ ಸುಟ್ಟಿದ್ರೆ ಅದೇ ಬಣ್ಣದ್ದು ಹಾಕು: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಮತ್ತೆ ಸುಟ್ಟರೆ ಎಲ್ಲೋ ಶಾರ್ಟ್ ಇದೆ ಅಂತ ಅರ್ಥ. ದೊಡ್ಡದು ಹಾಕಿದ್ರೆ ಶಾರ್ಟ್ ಹೋಗಲ್ಲ, ವೈರಿಂಗ್ ಕಿಟ್ ಹೋಗುತ್ತೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತೋ ಬುದ್ಧಿವಂತರ ಗಾಡಿ ಹೊಗೆ ಆಡೋದು ನೋಡಿದ್ದೀನಿ.

• ಹ್ಯಾಂಡಲ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸು. ತಿರುಗಿಸಿದಾಗ ಲೈಟು ಆರಿದ್ರೆ, ಎಂಜಿನ್ ಕೆಮ್ಮಿದ್ರೆ, ಹ್ಯಾಂಡಲ್ ಕತ್ತಿನ ಹತ್ರ ವೈರು ಒಳಗೇ ತುಂಡಾಗಿದೆ. ಹೊರಗಿನ ರಬ್ಬರು ಚೆನ್ನಾಗೇ ಕಾಣುತ್ತೆ, ಮೋಸ ಹೋಗಬೇಡ. ಒಂದೊಂದೇ ವೈರನ್ನ ಬೆರಳಲ್ಲಿ ಮೆಲ್ಲಗೆ ಎಳೆದು ನೋಡು, ತುಂಡಾದದ್ದು ರಬ್ಬರಿನಂಗೆ ಹಿಗ್ಗುತ್ತೆ. ಹಾಗೇ ಹಿಂದೆ: ಸ್ಯಾಡಲ್ ಬ್ಯಾಗಿನ ಪಟ್ಟಿ ಟೈಲ್ ಲ್ಯಾಂಪಿನ ವೈರನ್ನ ಉಜ್ಜಿ ಉಜ್ಜಿ ಬರಿ ಮಾಡಿರುತ್ತೆ.

• ನಮ್ಮ ಶಿರಾ, ಮಧುಗಿರಿ, ಪಾವಗಡದ ಕಡೆ ಕಡಲೆಕಾಯಿ ಕಿತ್ತ ಮೇಲೆ ಮನೆಮನೆಯಲ್ಲೂ ಮೂಟೆ. ಮೂಟೆ ಇದ್ದಲ್ಲಿ ಇಲಿ. ನೆಂಟರ ಮನೆ ಪಡಸಾಲೇಲಿ ಭದ್ರವಾಗಿ ನಿಲ್ಲಿಸಿದೆ ಅಂತ ನೀನು ನಿಶ್ಚಿಂತೆಯಿಂದ ಮಲಗಿದ್ರೆ ಬೆಳಗ್ಗೆ ಸೀಟಿನ ಕೆಳಗೆ ಕಡಲೆ ಸಿಪ್ಪೆ, ಪಕ್ಕದಲ್ಲೇ ಕಚ್ಚಿದ ವೈರು. ಕಾರಣವಿಲ್ಲದೆ ಫ್ಯೂಸ್ ಹಾರಿದ್ರೆ ಟ್ಯಾಂಕ್ ಕೆಳಗೆ, ಏರ್ ಫಿಲ್ಟರ್ ಡಬ್ಬಿ ಪಕ್ಕ ಟಾರ್ಚ್ ಬಿಡು. ಟ್ಯಾಂಕ್ ಬ್ಯಾಗಲ್ಲಿ ತಿಂಡಿ ಉಳಿಸಬೇಡ.

• ಈಗ ನಿಮ್ಮ ಕಾಲದ ಕಾಯಿಲೆ: ಫಾಗ್ ಲ್ಯಾಂಪು, ಮೊಬೈಲ್ ಚಾರ್ಜರ್, ಎರಡು ಹಾರ್ನು. 2017ರ ಏಪ್ರಿಲ್‌ನಿಂದ ಬರೋ ಹೊಸ ಗಾಡಿಗಳಲ್ಲಿ ಹೆಡ್‌ಲೈಟ್ ಆರಿಸೋ ಸ್ವಿಚ್ಚೇ ಇಲ್ಲ. 55 ವಾಟಿನ ಬಲ್ಬಾದ್ರೆ ನಾಲ್ಕೂವರೆ ಆಂಪಿಯರ್ ಹಗಲೂ ಹೋಗ್ತಿರುತ್ತೆ. ಅದರ ಮೇಲೆ 40 ವಾಟಿನ ಎರಡು ಲ್ಯಾಂಪು ಹಾಕಿದ್ರೆ ಇನ್ನೂ ಆರೂವರೆ. ಹುಟ್ಟುವಳಿ ಎಷ್ಟು, ಖರ್ಚೆಷ್ಟು ಲೆಕ್ಕ ಹಾಕಿ ಹಾಕಿಸು.
ಹಾಕಿದ್ರೂ ಹೆಡ್‌ಲೈಟ್ ವೈರು ಸುಲಿದು ಸೇರಿಸಬೇಡ, ರಿಲೇ ಹಾಕು. ರಿಲೇ ಅಂದ್ರೆ ನಮ್ಮ ಕೆರೆ ತೂಬಿದ್ದಂಗೆ: ಸ್ವಿಚ್ಚು ತೂಬು ಎತ್ತುತ್ತೆ ಅಷ್ಟೇ, ನೀರು ಕೆರೆಯಿಂದ ನೇರ ಗದ್ದೆಗೆ. 30ನೇ ಪಿನ್ನಿಗೆ ಬ್ಯಾಟರಿ ಪ್ಲಸ್, ನಡುವೆ ಫ್ಯೂಸ್, 87ರಿಂದ ಲ್ಯಾಂಪಿಗೆ, 86ಕ್ಕೆ ಸ್ವಿಚ್ಚಿನ ವೈರು, 85 ಅರ್ಥ್. ಫ್ಯೂಸು ಬ್ಯಾಟರಿ ಪಕ್ಕದಲ್ಲೇ ಇರಲಿ, ಲ್ಯಾಂಪಿನ ಪಕ್ಕ ಇಟ್ಟರೆ ನಡುವಿನ ವೈರಿಗೆ ಕಾವಲೇ ಇಲ್ಲ.

• ಮೊಬೈಲ್ ಚಾರ್ಜರನ್ನ ಕೀ ಆನ್ ಆದಾಗ ಮಾತ್ರ ಕರೆಂಟ್ ಬರೋ ವೈರಿಗೆ ಕೊಡು. ನೇರ ಬ್ಯಾಟರಿಗೆ ಕೊಟ್ಟು, ಅದು ಸುಮ್ಮನೆ 100 ಮಿಲಿಆಂಪಿಯರ್ ಕುಡೀತಾ ಕೂತ್ರೂ 9 ಆಂಪಿಯರ್-ಅವರ್ ಬ್ಯಾಟರಿ ನಾಲ್ಕು ದಿನದೊಳಗೆ ಖಾಲಿ.

• ಜಾಯಿಂಟ್ ಹಾಕೋದು ಕಲಿ. ಎರಡು ತುದೀನೂ ಒಂದಿಂಚು ಸುಲಿ, ಎಳೆಗಳನ್ನ ಒಂದರೊಳಗೊಂದು ಸೇರಿಸಿ ಬಿಗಿಯಾಗಿ ಹೊಸೆ, ಎಳೆದು ನೋಡು, ಆಮೇಲೆ ಸ್ಲೀವು. ಸ್ಲೀವನ್ನ ಹೊಸೆಯೋಕೆ ಮುಂಚೆ ವೈರಿಗೆ ಏರಿಸಿಡಬೇಕು, ನೆನಪಿರಲಿ. ಟೇಪನ್ನ ಕೆಳಗಿಂದ ಮೇಲಕ್ಕೆ ಅರ್ಧರ್ಧ ಮುಚ್ಚೋ ಹಂಗೆ ಎಳೆದು ಸುತ್ತು. ಪಕ್ಕಪಕ್ಕದ ಎರಡು ವೈರಿನ ಜಾಯಿಂಟು ಒಂದೇ ಜಾಗದಲ್ಲಿ ಬರಬಾರದು, ಒಂದು ಮುಂದೆ, ಇನ್ನೊಂದು ಹಿಂದೆ. ಮನೆ ವೈರಿಂಗಿನ ಗಟ್ಟಿ ಒಂಟಿ ತಂತಿ ಗಾಡಿಗೆ ಬೇಡ, ಅದುರಾಟಕ್ಕೆ ಮುರಿಯುತ್ತೆ. ಎಳೆ ಎಳೆ ಇರೋ ತಾಮ್ರದ್ದೇ ಆಗಬೇಕು.

• ಹಳೇ ಗಾಡಿ ಆಸೆ ನಿನಗೂ ಇದೆ, ಗೊತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ್ರೂ ಯೆಜ್ಡಿಗಳು ನಮ್ಮ ಕಡೆ ಇನ್ನೂ ಉಸಿರಾಡ್ತಿವೆ. ಅವುಗಳ ಕಾಯಿಲೆ ಬೇರೆ. ಸಿಬಿ ಪಾಯಿಂಟಿಗೆ ಎಣ್ಣೆ ಜಿಡ್ಡು ಹತ್ತಿದ್ರೆ ನಯವಾದ ಎಮರಿ ಪೇಪರಲ್ಲಿ ಉಜ್ಜಿ, ಬಿಳೀ ಕಾಗದ ಎಳೆದು ಒರೆಸು, ಗ್ಯಾಪು 0.35ರಿಂದ 0.4 ಮಿಲಿಮೀಟರ್. ತಣ್ಣಗಿದ್ದಾಗ ಓಡಿ, ಕಾದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಓಡಿದ್ರೆ ಕಂಡೆನ್ಸರ್ ಮೇಲೆ ಅನುಮಾನ ಪಡು. ಬುಲೆಟ್ಟಿನ ಹೆಡ್‌ಲೈಟ್ ಮೇಲಿನ ಆಂಪಿಯರ್ ಮೀಟರ್ ಎಷ್ಟು ಸತ್ಯ ಹೇಳ್ತಿತ್ತು ಅಂತೀಯ! ಓಡ್ತಿದ್ದಾಗಲೂ ಮುಳ್ಳು ಮೈನಸ್ ಕಡೆಗೇ ಇದ್ರೆ ಮುಂದಿನ ಊರಲ್ಲೇ ನಿಲ್ಲಬೇಕು ಅಂತ ಗೊತ್ತಾಗ್ತಿತ್ತು. ನಿನ್ನ ಗಾಡೀಲಿ ಬರೀ ಚಿತ್ರ ಕುಣಿಯುತ್ತೆ.

• ಇಂಜೆಕ್ಷನ್ ಗಾಡಿಯಾದ್ರೆ ಕೀ ಆನ್ ಮಾಡಿ ಕಿವಿ ಟ್ಯಾಂಕಿಗಿಡು. ಎರಡು ಮೂರು ಸೆಕೆಂಡು 'ಝುಂಯ್' ಅಂತ ಪೆಟ್ರೋಲ್ ಪಂಪಿನ ಸದ್ದು ಬರಬೇಕು. ಬರಲಿಲ್ಲ ಅಂದ್ರೆ ಪಂಪಿನ ಫ್ಯೂಸು, ರಿಲೇ, ಕಿಲ್ ಸ್ವಿಚ್ಚು. ಬ್ಯಾಟರಿ ಪೂರ್ತಿ ಸತ್ತಿದ್ರೆ ತಳ್ಳಿ ಸ್ಟಾರ್ಟ್ ಮಾಡೋ ಆಸೆ ಬಿಡು, ಬೆವರು ದಂಡ.

• ಜಂಪ್ ಕೊಡಿಸ್ಕೊಳ್ಳೋದಾದ್ರೆ ಕಾರು ಅಥವಾ ಇನ್ನೊಂದು ಬೈಕಿಂದ. ಲಾರಿಯವರು ಒಳ್ಳೇ ಮನಸ್ಸಿಂದ ಗಾಡಿ ನಿಲ್ಲಿಸಿ ಬಾಪ್ಪಾ ಅಂತಾರೆ. ಕೈಮುಗಿದು ಬೇಡ ಅನ್ನು. ಅಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟು, ನಿನ್ನ ಇಸಿಯು ಉಳಿಯಲ್ಲ. ಕಾರಿನ ಎಂಜಿನ್ ಆಫ್ ಇರಲಿ. ಪ್ಲಸ್ಸಿಗೆ ಪ್ಲಸ್ ಮೊದಲು, ಆಮೇಲೆ ಕಾರಿನ ಮೈನಸ್ಸಿಂದ ನಿನ್ನ ಗಾಡಿ ಎಂಜಿನ್ನಿನ ಬೋಲ್ಟಿಗೆ. ಸ್ಟಾರ್ಟ್ ಆದ ಮೇಲೆ ಚಾರ್ಜ್ ಆಗ್ತಿದೆಯಾ ನೋಡೇಬಿಡೋಣ ಅಂತ ನಿನ್ನ ಗಾಡಿ ಬ್ಯಾಟರಿ ವೈರು ಕಳಚಬೇಡ. ವೋಲ್ಟು ಒಂದೇ ಸಲ ಮೇಲಕ್ಕೆ ನೆಗೆಯುತ್ತೆ.

• ಲಗೇಜ್ ಕ್ಯಾರಿಯರ್ ಮುರಿದು ವೆಲ್ಡಿಂಗ್ ಮಾಡಿಸೋದಾದ್ರೆ ಬ್ಯಾಟರಿ ಎರಡೂ ಟರ್ಮಿನಲ್ ಬಿಚ್ಚು, ಇಸಿಯು ಕಪ್ಲರೂ ತೆಗಿ. ಸಾಧ್ಯವಾದ್ರೆ ಕ್ಯಾರಿಯರನ್ನೇ ಬಿಚ್ಚಿ ಕೊಡು. ವಾಟರ್ ಸರ್ವಿಸಿನೋರಿಗೂ ಹೇಳು: ಸ್ವಿಚ್ಚಿಗೆ, ಮೀಟರಿಗೆ, ಸೀಟಿನ ಕೆಳಗೆ ಪ್ರೆಷರ್ ಬಿಡಬಾರದು.

• ಪ್ಲಗ್ ಬಿಚ್ಚಿ ಕಿಡಿ ನೋಡುವಾಗ ಪ್ಲಗ್ಗಿನ ಮೈ ಎಂಜಿನ್ನಿಗೆ ಒತ್ತಿ ಕೂತಿರಲಿ, ಪ್ಲಗ್ ತೂತಿಂದ ದೂರ ಇರಲಿ. ಅಲ್ಲಿಂದ ಪೆಟ್ರೋಲ್ ಆವಿ ಬರುತ್ತೆ. ವೈರಿಗೆ ವೈರು ತಾಗಿಸಿ 'ಕರೆಂಟ್ ಇದೆ' ಅಂತ ಕಿಡಿ ಹಾರಿಸೋ ಮೇಸ್ತ್ರಿ ಸಿಕ್ಕಿದ್ರೆ ಗಾಡಿ ವಾಪಸ್ ತಗೋ.

• ಬರುವಾಗ ಮಧುಗಿರಿ ಬೆಟ್ಟ ನೋಡಿ ಮಿಡಿಗೇಶಿ ಮೇಲೆ ಪಾವಗಡಕ್ಕೆ ಹೋಗ್ತೀನಿ ಅಂದೆಯಂತೆ. ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಇದೆ, ಅದರ ಬೇಲಿ ಪಕ್ಕದಲ್ಲೇ ಬ್ಯಾಟರಿ ಸತ್ತು ಕೂತ್ರೂ ಒಂದು ವೋಲ್ಟ್ ಯಾರೂ ಕೊಡಲ್ಲ. ಆ ಬಿಸಿಲಿಗೆ ನೀರು ಹಾಕೋ ಬ್ಯಾಟರಿಯಾದ್ರೆ ಮಟ್ಟ ಬೇಗ ಇಳಿಯುತ್ತೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕು, ನಮ್ಮ ಬೋರ್‌ವೆಲ್ ನೀರು ಬೇಡವೇ ಬೇಡ. ಸೀಲ್ಡ್ ಬ್ಯಾಟರೀನ ಬಿಚ್ಚೋಕೇ ಹೋಗಬೇಡ. ಚಾರ್ಜಿಂಗ್ ನಿಂತಿರೋದು ಹಗಲಲ್ಲೇ ಗೊತ್ತಾದ್ರೆ ಫಾಗ್ ಲ್ಯಾಂಪು, ಚಾರ್ಜರ್ ಎಲ್ಲಾ ಕಳಚಿ, ಎಂಜಿನ್ ಆರಿಸದೆ ಮುಂದಿನ ಪೇಟೆ ಸೇರ್ಕೋ. ಇಂಡಿಕೇಟರ್, ಬ್ರೇಕ್ ಲೈಟು ಉಳಿಸ್ಕೋ.

• ಜೊತೇಲಿ ಇರಬೇಕಾದ್ದು: ಮೀಟರು, ಕಟಿಂಗ್ ಪ್ಲೇಯರ್, ಒಂದೆರಡು ಮೀಟರ್ ವೈರು, ಫ್ಯೂಸುಗಳು, ಟೇಪು, ಸ್ಲೀವು, ನಾಲ್ಕು ಥಿಂಬಲ್ಲು, ಪ್ಲಾಸ್ಟಿಕ್ ಟ್ಯಾಗು, ಒಂದು ಪ್ಲಗ್ಗು, ತಲೆಗೆ ಕಟ್ಟೋ ಟಾರ್ಚು. ಬ್ಯಾಟರಿ ಟರ್ಮಿನಲ್ಲಿನ ನಟ್ಟು ಎರಡು ಹೆಚ್ಚಿಗೆ ಇಟ್ಕೋ. ಕೈಜಾರಿದ್ರೆ ಎಂಜಿನ್ ಸಂದಿಗೆ ಬಿದ್ದು ಮತ್ತೆ ಸಿಗಲ್ಲ.

• ದಾರೀಲಿ ನೀನು ಏನೇನು ಕತ್ತರಿಸಿದೆ, ಯಾವ ಬಣ್ಣಕ್ಕೆ ಯಾವ ಬಣ್ಣ ಸೇರಿಸಿದೆ ಅಂತ ಒಂದು ಚೀಟೀಲಿ ಬರೆದು ಪ್ಲಾಸ್ಟಿಕ್ ಕವರಲ್ಲಿ ಸೀಟಿನ ಕೆಳಗೆ ಸಿಕ್ಕಿಸು. ಬಿಚ್ಚೋ ಮುಂಚೆ ಫೋಟೋನೂ ಹೊಡಕೋ. ವಾಪಸ್ ಬಂದ ಮೇಲೆ ಆ ಚೀಟಿ ತಗೊಂಡು ಬಾ, ರಸ್ತೇಲಿ ಹಾಕಿದ ಜಾಯಿಂಟೆಲ್ಲಾ ಬಿಚ್ಚಿ ಬೆಸುಗೆ ಹಾಕೋಣ. ಅಂಗಡಿ ಮುಚ್ಚಿದ್ರೂ ಸಾಲ್ಡರಿಂಗ್ ಕಬ್ಬಿಣ ಮನೇಲೇ ಇದೆ.