ಆರು ವಿಷಯಗಳೋ, ಮೂವತ್ತೋ?

ಬಾಗಲಕೋಟೆಯಿಂದ ಹುನಗುಂದಕ್ಕೆ ಹೋಗುವ ಹಾದಿಯಲ್ಲಿ ಕಮತಗಿ ಎಂಬ ಊರಿದೆ. ಇಳಕಲ್ ಸೀರೆಯು ಇಳಕಲ್ಲಿನಲ್ಲಿ ಮಾತ್ರವೇ ಸಿದ್ಧವಾಗುವುದೆಂದು ದೂರದವರು ತಿಳಿದಿರುವುದುಂಟು. ವಾಸ್ತವವಾಗಿ ಕಮತಗಿ ಮತ್ತು ಸುತ್ತಲಿನ ಊರುಗಳ ಮಗ್ಗಗಳೂ ಅದನ್ನು ನೇಯುತ್ತವೆ. ಇಂಥ ಒಂದು ನೇಕಾರರ ಮನೆಯ ಹುಡುಗಿ ಕಾಲೇಜಿನಲ್ಲಿ ಓದುತ್ತಿರುವಳೆಂದು ಭಾವಿಸೋಣ. ಸಂಜೆ ಮನೆಗೆ ಬಂದೊಡನೆ ಆಕೆ ಕಂಡಿಕೆ ಸುತ್ತಿಕೊಡಬೇಕು, ನೀರು ತರಬೇಕು, ಒಲೆಯ ಮುಂದೆ ಅವ್ವನಿಗೆ ನೆರವಾಗಬೇಕು. ಪುಸ್ತಕ ತೆರೆಯುವ ವೇಳೆಗೆ ರಾತ್ರಿ ಒಂಬತ್ತಾಗಿರುತ್ತದೆ. ಮರುದಿನ ಒಪ್ಪಿಸಬೇಕಾದ ಪ್ರಬಂಧದ ವಿಷಯ: ಸಮುದ್ರತೀರದಲ್ಲಿ ಒಂದು ಸಂಜೆ. ಆಕೆ ಸಮುದ್ರವನ್ನು ಕಂಡವಳೇ ಅಲ್ಲ!

ಮುಂದೆ ಏನಾಗುವುದೆಂಬುದು ನಮಗೆಲ್ಲರಿಗೂ ಗೊತ್ತಿರುವ ಸಂಗತಿ. ಗೈಡು ಹೊರಬರುತ್ತದೆ, ಅಥವಾ ಗೆಳತಿಯ ಬರಹ ಕೈಗೆ ಬರುತ್ತದೆ. ಅರುವತ್ತು ಮಂದಿಯ ತರಗತಿಯಲ್ಲಿ ಒಂದೇ ಸೂರ್ಯನು ಒಂದೇ ವಾಕ್ಯದಲ್ಲಿ ಅರುವತ್ತು ಸಲ ಮುಳುಗುತ್ತಾನೆ. ಅಧ್ಯಾಪಕರು ಅರುವತ್ತು ಸಲ ಕೆಂಪು ಗೆರೆ ಎಳೆಯುತ್ತಾರೆ. ಬರೆಯಲು ಕಲಿತವರು ಯಾರೂ ಇಲ್ಲ. ಈ ಲೇಖಕನೂ ತನ್ನ ವಿದ್ಯಾರ್ಥಿದೆಸೆಯಲ್ಲಿ ಅಂಥ ಸೂರ್ಯನನ್ನು ಒಮ್ಮೆ ಮುಳುಗಿಸಿದವನೇ ಆದುದರಿಂದ, ಆ ಹುಡುಗಿಯನ್ನು ಆಕ್ಷೇಪಿಸುವ ಅಧಿಕಾರ ಅವನಿಗಿಲ್ಲ.

ಹೀಗಿರಲು, ಬರವಣಿಗೆಯ ತರಗತಿಯಲ್ಲಿ ಮನೆಗೆಲಸವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ವಿದ್ಯಾರ್ಥಿಗೇ ಕೊಟ್ಟರೆ ಹೇಗೆ? ಇದು ಬರಿಯ ದಾಕ್ಷಿಣ್ಯದ ಮಾತೋ, ಅಥವಾ ಇದರಿಂದ ಕಲಿಕೆಗೆ ನಿಜವಾದ ಲಾಭವುಂಟೋ? ಈ ಪ್ರಶ್ನೆಯನ್ನು ಪ್ರಯೋಗದಿಂದ ಪರೀಕ್ಷಿಸಬಹುದು, ಪರೀಕ್ಷಿಸಿಯೂ ಇದ್ದಾರೆ.

2010ರಲ್ಲಿ ಎರಿಕಾ ಪಟಾಲ್, ಹ್ಯಾರಿಸ್ ಕೂಪರ್ ಮತ್ತು ಸುಸಾನ್ ವಿನ್ ಎಂಬ ಅಮೆರಿಕದ ಸಂಶೋಧಕರು ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ನಡೆಸಿದ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಪಾಠದ ಒಂದು ಘಟಕದಲ್ಲಿ ಕೆಲವರಿಗೆ ಮನೆಗೆಲಸದಲ್ಲಿ ಆಯ್ಕೆ ಇತ್ತು, ಉಳಿದವರಿಗೆ ಇರಲಿಲ್ಲ. ಮುಂದಿನ ಘಟಕದಲ್ಲಿ ಇದನ್ನು ಅದಲುಬದಲು ಮಾಡಲಾಯಿತು. ಹೀಗೆ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಅವನೊಡನೆಯೇ ಹೋಲಿಸಲು ಸಾಧ್ಯವಾಯಿತು. ಜಾಣನನ್ನು ದಡ್ಡನೊಡನೆ ಹೋಲಿಸಿ ಮೋಸಹೋಗುವ ಭಯ ಇಲ್ಲಿಲ್ಲ. ಆಯ್ಕೆ ಇದ್ದಾಗ ವಿದ್ಯಾರ್ಥಿಗಳಿಗೆ ಕೆಲಸದಲ್ಲಿ ಆಸಕ್ತಿಯೂ ‘ಇದು ನನ್ನಿಂದಾದೀತು’ ಎಂಬ ಧೈರ್ಯವೂ ಹೆಚ್ಚಿದ್ದುವು. ಘಟಕದ ಪರೀಕ್ಷೆಯಲ್ಲಿ ಅವರು ಪಡೆದ ಅಂಕಗಳೂ ಹೆಚ್ಚಾಗಿದ್ದುವು. ಹೊರಗಿನ ಒತ್ತಾಯಕ್ಕಿಂತ, ತಾನೇ ಆರಿಸಿಕೊಂಡೆನೆಂಬ ಭಾವವು ಮನಸ್ಸನ್ನು ಕೆಲಸದಲ್ಲಿ ಹೆಚ್ಚು ಕಾಲ ನಿಲ್ಲಿಸುವುದೆಂದು ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಎಂಬ ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಪ್ರತಿಪಾದಿಸಿದ್ದರು. ಈ ಫಲವು ಅದಕ್ಕೆ ಹೊಂದಿಕೆಯಾಗಿದೆ.

ಹಾಗಾದರೆ ಆಯ್ಕೆ ಹೆಚ್ಚಿದಷ್ಟೂ ಒಳ್ಳೆಯದಲ್ಲವೆ? ಇಲ್ಲಿ ಸ್ವಲ್ಪ ನಿಲ್ಲಬೇಕು.

ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಪುಟಗಳ ಒಂದು ಪ್ರಬಂಧವನ್ನು ಬರೆಯಲು ಅವಕಾಶ ಕೊಟ್ಟರು. ಬರೆಯಲೇಬೇಕೆಂಬ ಕಡ್ಡಾಯವಿರಲಿಲ್ಲ, ಬರೆದರೆ ಹೆಚ್ಚಿನ ಅಂಕವುಂಟು. ಕೆಲವರ ಮುಂದೆ 6 ವಿಷಯಗಳ ಪಟ್ಟಿ, ಉಳಿದವರ ಮುಂದೆ 30 ವಿಷಯಗಳ ಪಟ್ಟಿ. 6 ವಿಷಯ ಕಂಡವರಲ್ಲಿ 100ಕ್ಕೆ 74 ಮಂದಿ ಪ್ರಬಂಧ ಬರೆದು ಒಪ್ಪಿಸಿದರು. 30 ವಿಷಯ ಕಂಡವರಲ್ಲಿ ಒಪ್ಪಿಸಿದವರು 100ಕ್ಕೆ 60 ಮಾತ್ರ. ಅಷ್ಟೇ ಅಲ್ಲ, ಮೊದಲನೆಯ ಗುಂಪಿನವರ ಬರಹವೇ ಉತ್ತಮವಾಗಿತ್ತು.

ಇದೇಕೆ ಹೀಗೆ? ಒಂದು ಚಿಕ್ಕ ಲೆಕ್ಕ ಮಾಡಿ ನೋಡಿರಿ. ಆರು ವಿಷಯಗಳಲ್ಲಿ ಪ್ರತಿಯೊಂದನ್ನೂ ಇನ್ನೊಂದರೊಡನೆ ಹೋಲಿಸಬೇಕಾದರೆ 6ನ್ನು 5ರಿಂದ ಗುಣಿಸಿ 2ರಿಂದ ಭಾಗಿಸಬೇಕು: 15 ಹೋಲಿಕೆಗಳು. ಮೂವತ್ತು ವಿಷಯಗಳಾದರೆ 30ನ್ನು 29ರಿಂದ ಗುಣಿಸಿ 2ರಿಂದ ಭಾಗಿಸಬೇಕು: 435! ವಿಷಯಗಳು ಐದರಷ್ಟಾದರೆ ಹೋಲಿಕೆಗಳು ಇಪ್ಪತ್ತೊಂಬತ್ತರಷ್ಟಾದುವು. ಯಾರೂ ಕುಳಿತು 435 ಹೋಲಿಕೆಗಳನ್ನು ಮಾಡುವುದಿಲ್ಲವೆಂಬುದು ನಿಜ. ಆದರೆ, ಬಿಟ್ಟುಬಂದ ವಿಷಯವೇ ಮೇಲಾಗಿತ್ತೇನೋ ಎಂಬ ಸಂಶಯ ಉಳಿದೇ ಉಳಿಯುತ್ತದೆ. ಜವಳಿ ಅಂಗಡಿಯಲ್ಲಿ ನಲವತ್ತು ಸೀರೆ ಬಿಚ್ಚಿಸಿ ಬರಿಗೈಯಲ್ಲಿ ಮನೆಗೆ ಬಂದ ಬಂಧುಗಳು ನಿಮಗೂ ಇರಬಹುದು.

ಆದರೂ ಒಂದು ಎಚ್ಚರಿಕೆ ಅವಶ್ಯ. ಇದೇ ಬಗೆಯ 50 ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ಬೆಂಜಮಿನ್ ಶೈಬೆಹೆನ್ನೆ ಮತ್ತು ಸಂಗಡಿಗರು ಪರಿಶೀಲಿಸಿದಾಗ, ಹೆಚ್ಚು ಆಯ್ಕೆಯಿಂದಾಗುವ ಕೆಡುಕು ಸರಾಸರಿಯಲ್ಲಿ ಶೂನ್ಯಕ್ಕೆ ಸಮೀಪವಾಗಿತ್ತು. ಕೆಲವೆಡೆ ಅದು ಎದ್ದು ಕಾಣುತ್ತದೆ, ಕೆಲವೆಡೆ ಇಲ್ಲವೇ ಇಲ್ಲ. ತನಗೇನು ಬೇಕೆಂದು ಮೊದಲೇ ಬಲ್ಲವನಿಗೆ ಉದ್ದದ ಪಟ್ಟಿಯು ಅಷ್ಟಾಗಿ ಹೊರೆಯಲ್ಲ, ಹೊಸಬನಿಗೆ ಹೊರೆಯಾದೀತು. ಬರವಣಿಗೆಯ ತರಗತಿಗೆ ಬರುವವರು ಬಹುತೇಕ ಹೊಸಬರೇ ಅಲ್ಲವೆ? ಆದುದರಿಂದ ನಾಲ್ಕೈದು ವಿಷಯಗಳು ಸಾಕೆಂದು ನನ್ನ ಅಭಿಪ್ರಾಯ. ‘ನಿಮಗೆ ತೋಚಿದುದನ್ನು ಬರೆಯಿರಿ’ ಎಂದುಬಿಡುವುದಂತೂ ಆಯ್ಕೆಯೇ ಅಲ್ಲ. ಅದು ಈಜು ಬಾರದವನನ್ನು ಹೊಳೆಗೆ ಬಿಟ್ಟಂತೆ.

ವಿಷಯಗಳು ಎಂಥವಿರಬೇಕು? ಕಮತಗಿಯ ಹುಡುಗಿಯ ಬಳಿಗೇ ಮರಳೋಣ. ಇಳಕಲ್ ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಬೇರೊಂದು ಹಾಸು. ಇವೆರಡರ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಈ ಸೀರೆಯ ವೈಶಿಷ್ಟ್ಯವೇ ಅದು. ಈ ಜೋಡಣೆಯನ್ನು, ಮಗ್ಗವನ್ನೇ ಕಾಣದ ಮಂಗಳೂರಿನ ವಿದ್ಯಾರ್ಥಿಗೆ ತಿಳಿಯುವಂತೆ ಎರಡು ಪುಟಗಳಲ್ಲಿ ವಿವರಿಸುವುದು ಸುಲಭವೆಂದು ಭಾವಿಸಬೇಡಿರಿ. ಯಾವುದು ಮೊದಲು, ಯಾವುದು ಆಮೇಲೆ, ಯಾವ ಪದಕ್ಕೆ ಅರ್ಥ ಹೇಳಬೇಕು, ಯಾವುದಕ್ಕೆ ಬೇಡ — ವೈಜ್ಞಾನಿಕ ವಿವರಣೆಯ ಎಲ್ಲ ಕಷ್ಟಗಳೂ ಅದರಲ್ಲಿವೆ. ನೇಕಾರರ ಮನೆಯವಳಲ್ಲದ ವಿದ್ಯಾರ್ಥಿನಿಗೆ ಇನ್ನೊಂದು ದಾರಿ ಇರಲಿ: ರೊಟ್ಟಿ ಬಡಿಯುವ ಕ್ರಮವನ್ನೋ ಬಾವಿಯ ಪಂಪನ್ನು ಬಿಚ್ಚಿ ಜೋಡಿಸುವುದನ್ನೋ ಆಕೆ ವಿವರಿಸಬಹುದು. ವಿಷಯ ಬೇರೆಯಾದರೂ ಕಲಿಯುವ ವಿದ್ಯೆ ಒಂದೇ.

ಈ ಕೊನೆಯ ಮಾತು ಮುಖ್ಯವಾದುದು. ಒಂದು ವಾರದ ಗುರಿಯು ವಾದವನ್ನು ಕಟ್ಟುವುದಾದರೆ, ಪಟ್ಟಿಯಲ್ಲಿರುವ ಎಲ್ಲ ವಿಷಯಗಳೂ ವಾದವನ್ನೇ ಬೇಡಬೇಕು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯಿದೆ ನೇಕಾರನಿಗೆ ನೆರವಾಗಿದೆಯೆ? ಹೊಳೆಯ ನೆರೆಗೆ ಸಿಕ್ಕುವ ಹಳ್ಳಿಗಳನ್ನು ಸ್ಥಳಾಂತರಿಸಬೇಕೆ? ಎರಡನೆಯದನ್ನು ಆರಿಸಿದವನು 2009ರ ಮತ್ತು 2019ರ ನೆರೆಯನ್ನು ಕಂಡ ಹಿರಿಯರನ್ನು ಕೇಳಿ, ಅವರು ಹೇಳಿದುದನ್ನು ತನ್ನ ವಾದಕ್ಕೆ ಆಧಾರವಾಗಿ ಬಳಸಬೇಕು. ಒಬ್ಬನು ವಾದ ಬರೆದು ಇನ್ನೊಬ್ಬನು ಚಿತ್ರ ಬರೆದು ತಂದರೆ, ಇಬ್ಬರನ್ನೂ ಅಳೆಯುವ ಒಂದೇ ಕೋಲು ಅಧ್ಯಾಪಕರ ಬಳಿ ಎಲ್ಲಿದೆ? ಹಾಸು ಎಲ್ಲರಿಗೂ ಒಂದೇ ಇರಲಿ, ಹೊಕ್ಕಿನ ಬಣ್ಣ ಅವರವರದು.

ಒಪ್ಪಿಸುವ ದಿನವನ್ನೂ ವಿದ್ಯಾರ್ಥಿಯೇ ಗೊತ್ತುಮಾಡಿಕೊಳ್ಳಬಹುದೆ? ಡ್ಯಾನ್ ಏರಿಯಲಿ ಮತ್ತು ಕ್ಲಾಸ್ ವೆರ್ಟೆನ್‌ಬ್ರೋಕ್ 2002ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂಥ ಒಂದು ಪರೀಕ್ಷೆಯಿದೆ. ಉದ್ಯೋಗದಲ್ಲಿದ್ದು ಕಲಿಯಲು ಬಂದವರ ಎರಡು ತರಗತಿಗಳಿಗೆ ಮೂರು ಮೂರು ಪ್ರಬಂಧಗಳನ್ನು ಕೊಡಲಾಗಿತ್ತು. ಒಂದು ತರಗತಿಗೆ ಸಮ ಅಂತರದ ಗಡುವುಗಳನ್ನು ಅಧ್ಯಾಪಕರೇ ವಿಧಿಸಿದರು. ಇನ್ನೊಂದರಲ್ಲಿ ಪ್ರತಿಯೊಬ್ಬರೂ ತಮ್ಮ ಗಡುವನ್ನು ತಾವೇ ಮೊದಲೇ ಬರೆದುಕೊಟ್ಟರು. ಆಮೇಲೆ ತಡವಾದರೆ ದಿನಕ್ಕೆ 100ಕ್ಕೆ 1ರಂತೆ ಅಂಕ ಕಡಿತ. ವಿಶೇಷವೆಂದರೆ, ಬಹುಮಂದಿ ಕೊನೆಯ ದಿನವನ್ನೇ ಹಿಡಿಯದೆ ಅದಕ್ಕಿಂತ ಮುಂಚಿನ ಗಡುವುಗಳನ್ನು ತಮಗೆ ತಾವೇ ಹಾಕಿಕೊಂಡರು. ತಮ್ಮ ಸೋಮಾರಿತನ ಅವರಿಗೇ ಚೆನ್ನಾಗಿ ತಿಳಿದಿತ್ತು! ಆದರೂ ಸರಾಸರಿ ಅಂಕಗಳಲ್ಲಿ ಮೊದಲನೆಯ ತರಗತಿಯೇ ಮುಂದಿತ್ತು. ಒಂದೇ ಪ್ರಯೋಗದ ಮೇಲೆ ನಿಯಮ ಕಟ್ಟಲಾಗದು. ಆದರೆ ಗಡುವಿಲ್ಲದ ಸ್ವಾತಂತ್ರ್ಯಕ್ಕೆ ಇದು ಸಾಕ್ಷಿ ನುಡಿಯುವುದಿಲ್ಲ.

ಕಮತಗಿಯ ಹುಡುಗಿಗೆ ಬೇಕಾದುದು ಗಡುವಿನಿಂದ ಬಿಡುಗಡೆಯಲ್ಲ. ಸೋಮವಾರ ಕೊಟ್ಟ ಕೆಲಸ ಮಂಗಳವಾರಕ್ಕೇ ಬೇಕೆಂದಾಗ ಆಕೆ ಸೋಲುತ್ತಾಳೆ. ಮುಂದಿನ ಸೋಮವಾರಕ್ಕೆ ಎಂದರೆ, ಮಗ್ಗ ನಿಂತಿರುವ ಒಂದು ಹೊತ್ತನ್ನು ಆಕೆ ಹುಡುಕಿಕೊಳ್ಳಬಲ್ಲಳು. ನಾನು ಅಧ್ಯಾಪಕನಾಗಿದ್ದರೆ ಹೀಗೆ ಮಾಡುತ್ತಿದ್ದೆ: ಸೋಮವಾರ ಐದು ವಿಷಯಗಳನ್ನು ಕೊಟ್ಟು, ಆರಿಸಿಕೊಂಡ ವಿಷಯದ ಮೊದಲ ಹತ್ತು ಸಾಲುಗಳನ್ನು ಬುಧವಾರ ತರಗತಿಯಲ್ಲಿಯೇ ಬರೆಸುವುದು. ಹತ್ತು ಸಾಲು ಹುಟ್ಟದಿದ್ದರೆ ಒಂದು ಸಲ, ಒಂದೇ ಸಲ, ವಿಷಯವನ್ನು ಬದಲಾಯಿಸಲು ಅಪ್ಪಣೆ. ಆಮೇಲೆ ಮುಂದಿನ ಸೋಮವಾರದವರೆಗೆ ಆಕೆಯ ಪಾಡಿಗೆ ಆಕೆಯನ್ನು ಬಿಡುವುದು.